ಹಾಡಿನ ಪೋಸ್ಟರ್ ಯಾರನ್ನು ಕರೆಯುತ್ತದೆ? ಕಾಸರಗೋಡಿನ ಗಾಯಕರು, ನಿರ್ಮಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಡು ರೆಕಾರ್ಡ್ ಆಗಿ, ಮಿಕ್ಸಿಂಗ್ ಮುಗಿದು, ಬಿಡುಗಡೆಯ ದಿನ ಹತ್ತಿರ ಬಂದಾಗ “ಒಂದು ಪೋಸ್ಟರ್ ಮಾಡಿಕೊಡಿ” ಎಂದು ಬರುವವರೇ ಹೆಚ್ಚು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಭಕ್ತಿಗೀತೆ, ಭಾವಗೀತೆ, ತುಳು ಹಾಡು, ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ), ಮಾಪಿಳ್ಳೆ ಹಾಡು (ಮಲಬಾರಿನ ಮುಸ್ಲಿಮರ ಹಾಡು) ಎಂದು ನಾನಾ ಬಗೆಯ ಆಲ್ಬಂಗಳಿಗೆ ಕವರ್, ಪೋಸ್ಟರ್, ಥಂಬ್‌ನೇಲ್ (ವಿಡಿಯೋ ತೆರೆಯುವ ಮೊದಲು ಕಾಣುವ ಸಣ್ಣ ಚಿತ್ರ) ಮಾಡುವ ಕೆಲಸ ನನ್ನದು. ಫೋನಿನಲ್ಲಿ, ಪತ್ರಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಈಗಾಗಲೇ ಒಂದೆರಡು ಆಲ್ಬಂ ತಂದವರು ನೇರ ಕೊನೆಯ ಭಾಗಕ್ಕೆ ಹೋಗಬಹುದು.

## ಶುರುವಿನಲ್ಲಿ ಕೇಳುವಂಥವು

ಹಾಡು ಚೆನ್ನಾಗಿದ್ದರೆ ಜನ ತಾವಾಗಿ ಕೇಳುತ್ತಾರಲ್ಲ ಸರ್, ಪೋಸ್ಟರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಕೇಳುವ ಮೊದಲು ಜನ ನೋಡುತ್ತಾರೆ. ಹಾಡಿನ ಮೊದಲ ಸಾಲು ಕಿವಿಗೆ ಬೀಳಬೇಕಾದರೆ ಯಾರಾದರೂ ಅದನ್ನು ಬೆರಳಿನಿಂದ ಒತ್ತಬೇಕು. ಒತ್ತಿಸುವುದು ಆ ಸಣ್ಣ ಚಿತ್ರ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಮಾತಲ್ಲ. ಗ್ರಾಮಫೋನ್ ಕಾಲದಲ್ಲಿ ತಟ್ಟೆಗಳು ಯಾವ ಚಿತ್ರವೂ ಇಲ್ಲದ ಮಂಕು ರಟ್ಟಿನ ಹೊದಿಕೆಯಲ್ಲಿ ಬರುತ್ತಿದ್ದವು. ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ಕಲಾವಿದ 1940ರ ಹೊತ್ತಿಗೆ ಆ ಹೊದಿಕೆಯ ಮೇಲೆ ಸಂಗೀತಕ್ಕೆ ಹೊಂದುವ ಚಿತ್ರ ಬರೆಯಲು ತೊಡಗಿದರು. ಅಂಗಡಿಯಲ್ಲಿ ಬೆನ್ನು ತೋರಿಸಿ ನಿಂತಿದ್ದ ತಟ್ಟೆಗಳು ಮುಖ ತೋರಿಸಿ ನಿಂತವು, ವ್ಯಾಪಾರವೂ ಏರಿತು. ನಮ್ಮಲ್ಲಿ ಕ್ಯಾಸೆಟ್ ಕಾಲ ಕಂಡವರಿಗೆ ನೆನಪಿರಬಹುದು: ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಗಾಜಿನ ಹಿಂದೆ ಸಾಲು ಕವರುಗಳು. ನಡುವೆ ದೇವರು, ಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಗಾಯಕರ ಮುಖ, ಮಡಿಚಿದ ಭಾಗದಲ್ಲಿ ಹಾಡುಗಳ ಪಟ್ಟಿ. “ಒಮ್ಮೆ ಹಾಕಿ ತೋರಿಸಿ” ಎಂದು ಅಂಗಡಿಯವರಿಗೆ ಹೇಳುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತಿತ್ತು.

ನಮ್ಮ ಹಾಡು ಎಲ್ಲರಿಗೂ. ಹಾಗಿರುವಾಗ ‘ಯಾರಿಗೆ’ ಅಂತ ಎಂತಕ್ಕೆ ಕೇಳುವುದು?

ಹಾಡು ಎಲ್ಲರಿಗೂ ಇರಬಹುದು. ಅದನ್ನು ಮೊದಲು ಕೇಳಿ ನಾಲ್ಕು ಜನರಿಗೆ ಕಳಿಸುವವರು ಯಾರು ಎಂಬುದು ಬೇರೆಯೇ ಪ್ರಶ್ನೆ, ಪೋಸ್ಟರ್ ಮಾಡುವವನಿಗೆ ಬೇಕಾದ ಉತ್ತರ ಅದು.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ಅದರೊಳಗೆ ಹವ್ಯಕರ ಮನೆಮಾತು ಬೇರೆ. ಕುಂಬಳೆ ಪೇಟೆಯ ಒಂದೇ ಗೋಡೆಯಲ್ಲಿ ಮೂರು ಪೋಸ್ಟರ್ ಅಂಟಿಸಿದ್ದರೆ, ದಾರಿಯಲ್ಲಿ ಹೋಗುವವರು ಅಕ್ಷರ ಓದುವ ಮೊದಲೇ ಯಾವುದು ತಮ್ಮದು ಎಂದು ಗುರುತು ಹಿಡಿಯುತ್ತಾರೆ. ಲಿಪಿಯ ಆಕಾರ, ಬಣ್ಣ, ಉಟ್ಟ ಬಟ್ಟೆ, ಮುಡಿದ ಹೂವು, ಹಿಂದೆ ಕಾಣುವ ಮನೆಯ ಮಾಡು, ಇಷ್ಟು ಸಾಕು. ಒಂದೇ ಗಣಪತಿಯ ಹಾಡನ್ನು ಅರುವತ್ತು ದಾಟಿದ ಅಮ್ಮ ಬೆಳಗ್ಗೆ ದೀಪ ಹಚ್ಚುವಾಗ ಕೇಳುತ್ತಾರೆ, ಚೌತಿಗೆ ಪೆಂಡಾಲು ಕಟ್ಟುವ ಹುಡುಗರು ಸ್ಪೀಕರಿನಲ್ಲಿ ಕೇಳುತ್ತಾರೆ. ಅಮ್ಮನಿಗೆ ದೇವರ ಮುಖ ಸ್ಪಷ್ಟ ಕಾಣಬೇಕು, ಅಕ್ಷರ ಕನ್ನಡಕ ಇಲ್ಲದೆ ಓದಲು ಬರಬೇಕು. ಹುಡುಗರಿಗೆ ಚೆಂಡೆಯ ಪೆಟ್ಟು ಕಣ್ಣಿಗೂ ಕಾಣಬೇಕು. ಇಬ್ಬರಿಗೂ ಒಂದೇ ಚಿತ್ರ ಎಂದು ಹೊರಟರೆ ಇಬ್ಬರೂ ಮುಂದೆ ಹೋಗುತ್ತಾರೆ.

ಹಾಗಾಗಿ ನಾನು ಕೇಳುವುದು ಇಷ್ಟೆ: ಈ ಹಾಡನ್ನು ಎಲ್ಲಿ ಕೂತು ಕೇಳುತ್ತಾರೆ, ಅಡುಗೆಮನೆಯಲ್ಲಾ, ಬಸ್ಸಿನಲ್ಲಾ, ಶಾರ್ಜಾದ ರೂಮಿನಲ್ಲಾ? ಯಾರು ಕಳಿಸಿದರೆ ಕೇಳುತ್ತಾರೆ? ಈಗ ಅವರ ಫೋನಿನಲ್ಲಿ ಎಂಥ ಹಾಡು ಉಂಟು? ಇದಕ್ಕೆ ಉತ್ತರ ಇಲ್ಲದೆ ಕೆಲಸ ಶುರುವಾದರೆ ದೇವರು, ಗಾಯಕ, ಬೇಕಲ ಕೋಟೆ, ತೆಂಗಿನಮರ, ಗಿಟಾರ್ ಎಲ್ಲ ಒಂದೇ ಚೌಕಟ್ಟಿಗೆ ಬಂದು ಸೇರುತ್ತವೆ. ನೋಡಿದ ಪ್ರತಿಯೊಬ್ಬರಿಗೂ ಇದು ಬೇರೆ ಯಾರಿಗೋ ಮಾಡಿದ್ದು ಅನ್ನಿಸುತ್ತದೆ.

ಕವರ್, ಪೋಸ್ಟರ್, ಥಂಬ್‌ನೇಲ್ ಮೂರೂ ಒಂದೇ ಅಲ್ಲವಾ? ಒಂದೇ ಚಿತ್ರ ಎಲ್ಲ ಕಡೆ ಹಾಕಿದರೆ ಸಾಲದಾ?

ಸಾಲದು. ಎಲ್‌ಪಿ ತಟ್ಟೆಗಳ ಕಾಲದ ಕವರ್ ಒಂದಡಿಗಿಂತ ತುಸು ಹೆಚ್ಚು ಅಗಲ ಇತ್ತು. ಸಿಡಿಯ ಪುಸ್ತಿಕೆ 12 ಸೆಂಟಿಮೀಟರ್. ಈಗ ಫೋನಿನ ಪಟ್ಟಿಯಲ್ಲಿ ನಿಮ್ಮ ಕವರಿಗೆ ಸಿಗುವುದು ಹೆಬ್ಬೆರಳಿನ ಉಗುರಿನಷ್ಟು ಜಾಗ.

ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಹೋಗುವ ಕವರ್ ಚೌಕಾಕಾರ. 3000×3000 ಪಿಕ್ಸೆಲ್‌ನಲ್ಲಿ ಮಾಡಿದರೆ ಎಲ್ಲ ಕಡೆ ನಡೆಯುತ್ತದೆ. ಅದರ ಮೇಲೆ ಫೋನ್ ನಂಬರ್, ವೆಬ್ ವಿಳಾಸ, ಬೆಲೆ, ಸೋಶಿಯಲ್ ಮೀಡಿಯಾ ಲೋಗೊ ಹಾಕಿದರೆ ವಾಪಸ್ ಬರುತ್ತದೆ. ಕವರಿನ ಹೆಸರೂ ಫಾರ್ಮಿನಲ್ಲಿ ತುಂಬಿದ ಹೆಸರೂ ಒಂದೇ ಇರಬೇಕು. ಯೂಟ್ಯೂಬ್ ಥಂಬ್‌ನೇಲ್ ಅಡ್ಡ ಚಿತ್ರ, 1280×720. ಅದರ ಬಲ ಕೆಳಮೂಲೆಯ ಮೇಲೆ ಹಾಡಿನ ಅವಧಿ ಬಂದು ಕೂರುತ್ತದೆ, ಅಲ್ಲಿ ಗಾಯಕರ ಹೆಸರು ಬರೆದರೆ ಮುಚ್ಚಿಹೋಗುತ್ತದೆ. ಸ್ಟೇಟಸ್‌ಗೆ 1080×1920, ಉದ್ದ ಚಿತ್ರ. ಮೇಲೆ ಕೆಳಗೆ ಆ್ಯಪಿನದ್ದೇ ಬರಹ ಇರುವುದರಿಂದ ಮುಖ್ಯ ವಿಷಯ ನಡುವಿನಲ್ಲಿರಲಿ. ಗೋಡೆಯ ಪೋಸ್ಟರಿಗೆ ದಿನಾಂಕ, ಜಾಗ, ಬಿಡುಗಡೆ ಮಾಡುವವರ ಹೆಸರು ಎಲ್ಲ ಬೇಕು.

ಬಣ್ಣ, ಅಕ್ಷರ, ಮುಖ್ಯ ಚಿತ್ರ ಒಂದೇ ಇಟ್ಟುಕೊಂಡು ಜೋಡಣೆಯನ್ನು ಬೇರೆ ಬೇರೆ ಮಾಡಿ. ಮುಗಿದ ಮೇಲೆ ಕವರನ್ನು ಫೋನಿಗೆ ಕಳಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳಕ್ಕೆ ಬಂದು, ಕೈ ನೀಡಿ ಹಿಡಿದು ನೋಡಿ. ಎಂತ ಉಂಟು ಎಂದು ಆಗ ಗೊತ್ತಾಗದಿದ್ದರೆ ಕೆಲಸ ಬಾಕಿ ಇದೆ.

ಭಕ್ತಿಗೀತೆಗೆ ಗಾಯಕರ ಫೋಟೊ ಹಾಕಬೇಕಾ, ದೇವರ ಫೋಟೊ ಹಾಕಬೇಕಾ?

ಗಾಯಕರನ್ನು ಮುಖ ನೋಡಿ ಗುರುತಿಸುವಷ್ಟು ಜನ ಇದ್ದರೆ ಮುಖ ಹಾಕಿ. ಇಲ್ಲದಿದ್ದರೆ ಹೆಸರು ಸಾಕು. ಎರಡೂ ಬೇಕೆಂದರೆ ಗಾಯಕರ ಚಿತ್ರ ದೇವರಿಗಿಂತ ಮೇಲಕ್ಕೂ ಬೇಡ, ದೊಡ್ಡದೂ ಬೇಡ. ಭಕ್ತರ ಕಣ್ಣಿಗೆ ಅದು ತಕ್ಷಣ ಚುಚ್ಚುತ್ತದೆ, ಬಾಯಿ ಬಿಟ್ಟು ಹೇಳದೇ ಇರಬಹುದು.

ಗರ್ಭಗುಡಿಯ ಫೋಟೊ ತೆಗೆಯುವ ಹಟ ಬಿಡಿ. ಅದಕ್ಕೆ ಅನುಮತಿ ಇರುವುದಿಲ್ಲ, ಅಗತ್ಯವೂ ಇಲ್ಲ. ಮಧೂರು ದೇವಸ್ಥಾನದ ಗಜಪೃಷ್ಠಾಕಾರದ (ಆನೆಯ ಬೆನ್ನಿನಂಥ), ತಾಮ್ರ ಹೊದಿಸಿದ ಮಾಡು ಸಂಜೆ ಬಿಸಿಲಿಗೆ ಹೊಳೆಯುವುದನ್ನು ತೋರಿಸಿದರೆ ಈ ಊರಿನವರಿಗೆ ಹೆಸರು ಓದಬೇಕಾಗಿಲ್ಲ. ಅನಂತಪುರವೆಂದರೆ ಕೆರೆ ನಡುವಿನ ಗುಡಿ, ಅಲ್ಲಿಗೆ ಹೋಗುವ ಕಿರುಸೇತುವೆ. ಆ ಕೆರೆಯಲ್ಲಿದ್ದು 2022ರಲ್ಲಿ ತೀರಿಹೋದ ಬಬಿಯಾ ಮೊಸಳೆಯನ್ನು ಮಕ್ಕಳೂ ನೆನಪಿಸಿಕೊಳ್ಳುತ್ತಾರೆ. ಮಕ್ಕಳಿಗಾಗಿ ಮಾಡುವ ಅನಂತಪದ್ಮನಾಭನ ಹಾಡಿಗೆ ಆ ನೀರು, ಆ ಮೊಸಳೆಯ ಬೆನ್ನು ಬೇರೆ ಊರಿನ ಯಾವ ಸಿದ್ಧ ಚಿತ್ರಕ್ಕಿಂತಲೂ ಹತ್ತಿರದ್ದು.

## ಕೆಲಸಕ್ಕೆ ಕೂತ ಮೇಲೆ

ಭಕ್ತಿಗೀತೆ ಅಂದರೆ ಕೆಂಪು ಹಳದಿ, ಮಾಪಿಳ್ಳೆ ಹಾಡು ಅಂದರೆ ಹಸಿರು. ಬೇರೆ ಬಣ್ಣ ಹಾಕಿದರೆ ಜನ ಒಪ್ಪುತ್ತಾರಾ?

ಒಪ್ಪುತ್ತಾರೆ, ಆದರೆ ಗುರುತಿಗೆ ಒಂದು ಹಿಡಿಕೆ ಬಿಟ್ಟುಕೊಡಬೇಕು. ನಮ್ಮ ದೇವರ ಚಿತ್ರಗಳ ಮೈಬಣ್ಣ, ಒಡವೆ, ನಿಂತ ಭಂಗಿ ಎಲ್ಲವೂ ಬಹುಪಾಲು ರವಿವರ್ಮರ ಕಡೆಯಿಂದ ಬಂದದ್ದು. ಅವರು 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ಆ ಬಣ್ಣದ ಚಿತ್ರಗಳು ಮನೆಮನೆಯ ಗೋಡೆಗೆ ಬಂದವು. ಕ್ಯಾಲೆಂಡರು, ಊದುಬತ್ತಿ ಪೊಟ್ಟಣ, ಕ್ಯಾಸೆಟ್ ಕವರ್ ಅದೇ ದಾರಿ ಹಿಡಿದವು. ಇಷ್ಟು ವರ್ಷ ಕೈಮುಗಿದ ಬಣ್ಣವನ್ನು ಒಂದೇ ಪೋಸ್ಟರಿನಲ್ಲಿ ಕಿತ್ತುಹಾಕಲು ಆಗುವುದಿಲ್ಲ. ಅದರ ಜಾಗ ಕಡಿಮೆ ಮಾಡಬಹುದು. ಕಪ್ಪಿಗೆ ಹತ್ತಿರದ ಹಸಿರು ಹಿನ್ನೆಲೆ, ಅದರಲ್ಲಿ ಕಲ್ಲಿನ ದೀಪಸ್ತಂಭ, ಒಂದೇ ಒಂದು ಕಡೆ ಕುಂಕುಮದ ಕೆಂಪು. ಸಾಲು ಸಾಲು ಕೆಂಪು ಹಳದಿಯ ನಡುವೆ ಅದು ಬೇರೆಯಾಗಿ ಕಾಣುತ್ತದೆ, ಭಕ್ತಿಗೀತೆ ಎಂಬ ಗುರುತೂ ಉಳಿಯುತ್ತದೆ.

ಮಾಪಿಳ್ಳೆ ಹಾಡಿನ ವಿಷಯದಲ್ಲೂ ಅಷ್ಟೆ. ಹಸಿರು, ಅರ್ಧಚಂದ್ರ, ಚಿನ್ನದ ಬಳ್ಳಿ ಎಲ್ಲರೂ ಹಾಕುವುದರಿಂದ ಯಾರದ್ದೂ ಎದ್ದು ಕಾಣುವುದಿಲ್ಲ. ಮದುವೆ ಹಾಡಾದರೆ ಮೈಲಾಂಜಿಯ, ಅಂದರೆ ಮದರಂಗಿಯ ಕೆಂಪುಕಂದು ಬಣ್ಣ ಹಿಡಿಯಿರಿ. ಒಪ್ಪನದಲ್ಲಿ ಮದುಮಗಳ ಸುತ್ತ ಚಪ್ಪಾಳೆ ತಟ್ಟುವ ಕೈಗಳನ್ನು ಮೇಲಿನಿಂದ ತೆಗೆದ ಒಂದು ಫೋಟೊ ಆ ಹಾಡಿನ ತಾಳವನ್ನೇ ತೋರಿಸುತ್ತದೆ. ಪವಿತ್ರ ಗ್ರಂಥದ ಅಕ್ಷರಗಳನ್ನು ಅಲಂಕಾರಕ್ಕೆ ಎಂದು ಹಿನ್ನೆಲೆಯಲ್ಲಿ ಹರಡಬೇಡಿ. ಪೋಸ್ಟರ್ ನಾಳೆ ನೆಲಕ್ಕೆ ಬೀಳುವ ಕಾಗದ.

ತಾಳಮದ್ದಳೆಯ ಆಡಿಯೊಗೆ ಚಿತ್ರ ಎಂತದ್ದು ಹಾಕುವುದು? ವೇಷವೇ ಇಲ್ಲವಲ್ಲ ಮಾರಾಯ್ರೆ?

ವೇಷ ಇಲ್ಲ ಎಂಬುದನ್ನೇ ಗೌರವಿಸಿ. ತಾಳಮದ್ದಳೆ ಕೇಳುವವರು ಮೊದಲು ಹುಡುಕುವುದು ಹೆಸರು: ಪ್ರಸಂಗ ಯಾವುದು, ಭಾಗವತರು ಯಾರು, ಯಾವ ಪಾತ್ರಕ್ಕೆ ಯಾರ ಅರ್ಥ, ಅಂದರೆ ಮಾತು. ಕರ್ಣ ಯಾರು, ಕೃಷ್ಣ ಯಾರು ಎಂಬುದರಲ್ಲೇ ಅವರಿಗೆ ರಾತ್ರಿಯ ನಿದ್ದೆ ಬಿಡುವುದೋ ಬೇಡವೋ ಎಂಬುದು ನಿರ್ಧಾರವಾಗುತ್ತದೆ. ಈ ಶ್ರೋತೃಗಳಿಗೆ ಹೆಸರಿನ ಪಟ್ಟಿಯೇ ಚಿತ್ರ. ಅದನ್ನು ಮೂಲೆಗೆ ತಳ್ಳಿ ಬೆಂಕಿ, ಬಿಲ್ಲುಬಾಣ ಹಾಕಿದರೆ ಅವರಿಗೆ ಬೇಕಾದ್ದು ಸಿಗುವುದಿಲ್ಲ.

ಪ್ರಸಂಗದ ಹೆಸರು ಎಲ್ಲಕ್ಕಿಂತ ದೊಡ್ಡದು. ಆಮೇಲೆ ಭಾಗವತರು, ನಂತರ ಚೆಂಡೆ ಮದ್ದಳೆಯವರು, ಅರ್ಥಧಾರಿಗಳು ಪಾತ್ರದೊಂದಿಗೆ. ಹಿರಿತನದ ಕ್ರಮ ತಪ್ಪಬಾರದು. ಸಂಘಟಕರಿಂದ ಪಟ್ಟಿಯನ್ನು ಬರೆಸಿಕೊಂಡೇ ಕೂರಿ. ಚಿತ್ರ ಬೇಕೇ ಬೇಕೆಂದರೆ ಭಾಗವತರ ಕೈಯ ಜಾಗಟೆ, ಮದ್ದಳೆಯ ಮೇಲಿನ ಬೆರಳು, ಮುಂದೆ ಹಚ್ಚಿಟ್ಟ ದೀಪ ಸಾಕು.

ವೇಷದ ಯಕ್ಷಗಾನದ ಆಲ್ಬಂ ಆದರೆ ತಿಟ್ಟು (ತೆಂಕು, ಬಡಗು ಎಂಬ ಶೈಲಿ) ನೋಡಿ ಚಿತ್ರ ಆರಿಸಿ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ತೆಂಕುತಿಟ್ಟಿನ ಹಾಡುಗಾರಿಕೆಗೆ ಬಡಗಿನ ಮುಂಡಾಸಿನ ವೇಷ ಹಾಕಿದ ಪೋಸ್ಟರನ್ನು ಇಲ್ಲಿನ ಶಾಲೆ ಮಕ್ಕಳೂ ಗುರುತು ಹಿಡಿದಾರು. ಅಂಥ ಒಂದು ಎಡವಟ್ಟು ಸಾಕು, ಇದನ್ನು ಮಾಡಿದವರಿಗೆ ಆಟದ ಪರಿಚಯ ಇಲ್ಲ ಎಂದು ಕೇಳುಗ ದೂರವಾಗಲು.

ಕನ್ನಡ ಟೈಪ್ ಮಾಡಿ ಡಿಸೈನಿಗೆ ತಂದರೆ ಒತ್ತಕ್ಷರ ಒಡೆದುಹೋಗುತ್ತದೆ. ನೀವು ಯಾವ ಫಾಂಟ್ ಹಾಕುತ್ತೀರಿ?

ಒಡೆಯುವುದು ಸಾಮಾನ್ಯವಾಗಿ ಫಾಂಟಿನಿಂದಲ್ಲ. ಹಳೆಯ ಫೋಟೊಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್ಸ್‌ಗೆ ಹೋಗಿ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಎಂಬುದನ್ನು ಆರಿಸದಿದ್ದರೆ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ಇನ್ನೊಂದು ಕಾರಣ, ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಫಾಂಟಿಗೆ ಹಾಗೇ ಅಂಟಿಸುವುದು. ಮೊದಲು ಪರಿವರ್ತನೆ ಮಾಡಿಕೊಳ್ಳಿ.

ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಮುಕ್ತ ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಬಾಲೂ ತಮ್ಮ ದುಂಡಗೆ, ದಪ್ಪ. ಮಕ್ಕಳ ಹಾಡಿಗೆ, ತುಳು ತಮಾಷೆ ಹಾಡಿಗೆ ಒಪ್ಪುತ್ತದೆ, ಭಾವಗೀತೆಗೆ ಬೇಡ. ಆಲ್ಬಂ ಹೆಸರನ್ನು ಮಾತ್ರ ಕೈಯಲ್ಲಿ ಬರೆಸುವುದು ನನಗೆ ಇಷ್ಟ. ಊರಿನಲ್ಲಿ ಬೋರ್ಡು ಬರೆಯುತ್ತಿದ್ದ ಕಲಾವಿದರು ಇನ್ನೂ ಇದ್ದಾರೆ. ಅವರ ಬ್ರಷ್ಷಿನ ಒಂದು ‘ಶ್ರೀ’ಗೆ ಇರುವ ಸೊಗಸು ಯಾವ ಫಾಂಟಿನಲ್ಲೂ ನಾನು ಕಂಡಿಲ್ಲ.

ಎರಡು ಸಾಲಿನ ಶೀರ್ಷಿಕೆಗೆ ಅಂತರ ಧಾರಾಳ ಕೊಡಿ. ‘ಶ್ರೀಮದನಂತೇಶ್ವರ’ ಎಂದು ಬರೆದು ಕೆಳಗಿನ ಸಾಲನ್ನು ಇಂಗ್ಲಿಷಿನ ಲೆಕ್ಕದಲ್ಲಿ ಹತ್ತಿರ ತಂದರೆ ಮೇಲಿನ ವತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ.

ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ತುಳು ಲಿಪಿಯೂ ಇದ್ದರೆ ಒಳ್ಳೆಯದಿತ್ತು. ಆಗುತ್ತದಾ?

ಹಾಡು ಯಾವ ಭಾಷೆಯದ್ದೋ ಆ ಲಿಪಿ ಮುಂದೆ, ಉಳಿದದ್ದು ಹಿಂದೆ. ಮೂರನ್ನೂ ಒಂದೇ ಅಳತೆಯಲ್ಲಿ ಹಾಕಿದರೆ ಅದು ರೈಲ್ವೆ ಸ್ಟೇಷನ್ನಿನ ಬೋರ್ಡ್ ಆಗುತ್ತದೆ. ಕನ್ನಡ ಹಾಡನ್ನು ಮಲಯಾಳ ಓದುವ ಮಕ್ಕಳೂ ಕೇಳಬೇಕೆಂಬುದು ಈ ಜಿಲ್ಲೆಯಲ್ಲಿ ನಿಜವಾದ ಅಗತ್ಯ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಕನ್ನಡ ಓದುತ್ತಾರೆ, ಮೊಮ್ಮಗಳು ಮಲಯಾಳ ಓದುತ್ತಾಳೆ. ಕವರಿನಲ್ಲಿ ಕನ್ನಡ ಮಾತ್ರ ಇಟ್ಟು, ಮಲಯಾಳದ ಹೆಸರಿರುವ ಇನ್ನೊಂದು ಪೋಸ್ಟರ್ ಮಾಡಿ. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಮಂಜರಿ, ರಚನಾ ಫಾಂಟುಗಳು ಉಚಿತ, ಚೆನ್ನಾಗಿವೆ. ಆ ಅಕ್ಷರಗಳು ಅಗಲವಾಗಿರುವುದರಿಂದ ಒಂದೇ ಪಾಯಿಂಟ್ ಇಟ್ಟರೆ ಕನ್ನಡವನ್ನು ನುಂಗುತ್ತವೆ. ಕಣ್ಣಳತೆಯಲ್ಲಿ ತುಸು ಇಳಿಸಿ. ಇಂಗ್ಲಿಷ್ ಹೆಸರು ಹುಡುಕಾಟಕ್ಕೆ ಬೇಕು. ಅದನ್ನು ಹಾಡಿನ ವಿವರದಲ್ಲಿ ತುಂಬಿದರೆ ಸಾಕು.

ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್ 16ರಲ್ಲಿ ಸೇರಿತು. ಬಹಳ ಸಂತೋಷದ ಸುದ್ದಿ. ಓದಬಲ್ಲವರು ಇನ್ನೂ ಕಡಿಮೆ, ಹಾಗಾಗಿ ತುಳು ಆಲ್ಬಂನಲ್ಲಿ ಹೆಸರು ಕನ್ನಡ ಲಿಪಿಯಲ್ಲಿರಲಿ, ತುಳು ಅಕ್ಷರ ಮುದ್ರೆಯಂತೆ ಒಂದು ಕಡೆ ಬರಲಿ. ಬಲ್ಲವರಿಗೆ ತೋರಿಸಿ ತಪ್ಪಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆಯೇ ಅಚ್ಚಿಗೆ ಕೊಡಿ.

ಹಣ ಕೊಟ್ಟವರ ಫೋಟೊ ಹಾಕದೆ ಇರಲಿಕ್ಕೆ ಆಗುವುದಿಲ್ಲ. ಎಂತ ಮಾಡುವುದು?

ಹಾಕಿ, ಬೇರೆ ಕಾಗದದಲ್ಲಿ. ನಮ್ಮ ಕಡೆ ಆಲ್ಬಂ ಬರುವುದೇ ನಾಲ್ಕಾರು ಜನ ಕೈಯಿಂದ ಹಣ ಹಾಕಿದ್ದರಿಂದ, ಅವರಿಗೆ ಕೃತಜ್ಞತೆ ಸಲ್ಲಲೇಬೇಕು. ಆಮಂತ್ರಣ ಪತ್ರಿಕೆಯಲ್ಲಿ, ವಿಡಿಯೋದ ಶುರುವಿನಲ್ಲಿ, ಸಹಕರಿಸಿದವರಿಗಾಗಿಯೇ ಮಾಡಿದ ಒಂದು ಸ್ಟೇಟಸ್ ಚಿತ್ರದಲ್ಲಿ ಅವರ ಫೋಟೊ ದೊಡ್ಡದಾಗಿಯೇ ಬರಲಿ. ಅದನ್ನು ಅವರು ಸಂತೋಷದಿಂದ ಹಂಚುತ್ತಾರೆ. ಮುಖ್ಯ ಕವರಿನ ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಫೋಟೊ ಜೋಡಿಸಿದರೆ ಫೋನಿನಲ್ಲಿ ಅವರ ಮುಖವೂ ಕಾಣುವುದಿಲ್ಲ, ಹಾಡೂ ಕಾಣುವುದಿಲ್ಲ. ಅಳತೆ ಇಳಿಸಿ ಅವರ ಫೋನಿನಲ್ಲೇ ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ದೈವದ ಹಾಡಿಗೆ ದೈವದ ಫೋಟೊ ಹಾಕಿದರೆ ತಪ್ಪಾ?

ನಾನು ಹಾಕುವುದಿಲ್ಲ. ಕೋಲದಲ್ಲಿ, ಕಳಿಯಾಟದಲ್ಲಿ ಮುಡಿ ಏರಿದ ಮೇಲೆ ನಮ್ಮೆದುರು ನಿಂತದ್ದು ವೇಷ ಹಾಕಿದ ಕಲಾವಿದರಲ್ಲ, ದೈವ ಎಂದು ನಂಬಿ ನಡೆದುಕೊಳ್ಳುವ ಊರು ಇದು. ಆ ಮುಖವನ್ನು ಚಂದಾದಾರರಾಗಿ ಎಂಬ ಗುಂಡಿಯ ಪಕ್ಕ ತಂದು ಇಡುವುದು ಸರಿ ಕಾಣುವುದಿಲ್ಲ. ಸ್ಥಾನದವರ, ದೈವ ಕಟ್ಟುವವರ ಒಪ್ಪಿಗೆ ಕೇಳದೆ ತೆಗೆದ ಫೋಟೊ ಆದರೆ ಮಾತೇ ಬೇಡ.

ಚಿತ್ರಕ್ಕೆ ಕೊರತೆ ಇಲ್ಲ. ಎಳೆಯ ತೆಂಗಿನಗರಿಯ ಸಿರಿ, ಪಿಂಗಾರ ಎಂಬ ಅಡಿಕೆಯ ಹೂವು, ಕಾಲಿನ ಗಗ್ಗರ, ಕತ್ತಲಲ್ಲಿ ಉರಿಯುವ ದೀಟಿಗೆ. ಬಿಡಿಸಿದ ಪಿಂಗಾರದ ಒಂದು ಗೊನೆಯನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದಿಂದ ಒಂದೇ ಬೆಳಕು ಕೊಟ್ಟು ತೆಗೆದರೆ ಪಾಡ್ದನದ (ತುಳುವಿನ ಕಥೆಹಾಡಿನ) ಆಲ್ಬಂಗೆ ಇದಕ್ಕಿಂತ ಹೆಚ್ಚು ಬೇಡ. ನಂಬುವವರಿಗೆ ಮೈ ಜುಂ ಎನ್ನುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

## ಇನ್ನೂ ಒಳಗೆ ಹೋಗುವವರಿಗೆ

ನನ್ನದು ಭಾವಗೀತೆ. ತೋರಿಸಲಿಕ್ಕೆ ದೇವರೂ ಇಲ್ಲ, ವೇಷವೂ ಇಲ್ಲ. ಕಾಲೇಜಿನವರಿಗೆ ಹಿಡಿಸುವ ಹಾಗೆ ಎಂತ ಮಾಡಬಹುದು?

ಹಾಡಿನಲ್ಲಿರುವ ಒಂದು ವಸ್ತುವನ್ನು ಹಿಡಿಯಿರಿ. ಬದಿಯಡ್ಕ ಕಡೆಯ ಒಬ್ಬ ಗಾಯಕಿಯ ಆಲ್ಬಂ ಇತ್ತು, ಮಳೆಗಾಲದ ಕವಿತೆಗಳು. ರೇಷ್ಮೆ ಸೀರೆ ಉಟ್ಟು ಬೇಕಲದಲ್ಲಿ ಕಡಲಿಗೆ ಮುಖ ಮಾಡಿ ನಿಂತ ಫೋಟೊ ಅವರು ತಂದಿದ್ದರು. ಫೋಟೊ ಚಂದವೇ. ಆದರೆ ಹಾಡುಗಳಲ್ಲಿ ಕಡಲಿಲ್ಲ, ಬಿಸಿಲಿಲ್ಲ. ಅವರ ಮನೆಗೆ ಹೋದಾಗ ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲು ಕಂಡಿತು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಕಲ್ಲಿನ ತೂತುಗಳಲ್ಲೆಲ್ಲ ನೀರು, ಅಂಚಿಗೆ ಪಾಚಿ, ಮೂರನೆಯ ಮೆಟ್ಟಿಲಿನಲ್ಲಿ ಯಾರೋ ಬಿಟ್ಟುಹೋದ ಹವಾಯಿ ಚಪ್ಪಲಿ, ಒಂದು ಬೋರಲು. ಅದನ್ನೇ ತೆಗೆದೆವು. ಮೇಲಿನ ಅರ್ಧ ಭಾಗ ಬರೀ ಒದ್ದೆ ಕಲ್ಲಿನ ಕೆಂಪು. ಹೆಸರು ಅಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿ ಬಂತು. ಗಾಯಕಿಯ ಮುಖ ಎಲ್ಲೂ ಇಲ್ಲ. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಓದುವ ಈ ಕಡೆಯ ಮಕ್ಕಳು ಆ ಚಿತ್ರವನ್ನು ಸ್ಟೇಟಸ್‌ಗೆ ಇಟ್ಟುಕೊಂಡರು, ಹಾಡು ಕೇಳುವ ಮೊದಲೇ ಇಟ್ಟುಕೊಂಡವರೂ ಉಂಟು.

ಯುವಕರಿಗೆ ಎಂದ ಕೂಡಲೇ ನಿಯಾನ್ ಬಣ್ಣ, ಗಿಟಾರ್, ಒಡೆದ ಅಕ್ಷರ ಬೇಕು ಎಂದುಕೊಳ್ಳಬೇಡಿ. ಎಲ್ಲರೂ ಕಿರುಚುವ ಪಟ್ಟಿಯಲ್ಲಿ ಖಾಲಿ ಜಾಗವೇ ಕಣ್ಣು ಹಿಡಿಯುತ್ತದೆ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿ, ಅಡಿಕೆ ಅಂಗಳ, ತುಂಬಿ ಹರಿಯುವ ಪಯಸ್ವಿನಿ ಹೊಳೆ ನಮಗೆ ದಿನನಿತ್ಯದ್ದು ಎಂದು ಬಿಟ್ಟಿರುತ್ತೇವೆ. ಊರು ಬಿಟ್ಟವರು ನಿಲ್ಲುವುದು ಅಲ್ಲೇ.

ಗಲ್ಫಿನಲ್ಲಿರುವ ನಮ್ಮವರಿಗೂ ಮುಟ್ಟಬೇಕು, ಊರ ಅಮ್ಮಂದಿರಿಗೂ ಮುಟ್ಟಬೇಕು. ಜಾಹೀರಾತಿಗೆ ದುಡ್ಡು ಜಾಸ್ತಿ ಇಲ್ಲ.

ಜನ ತಾವಾಗಿ ಫಾರ್ವರ್ಡ್ ಮಾಡುವ ಚಿತ್ರ ಮಾಡಿ. ಗಣಪತಿಯ ಆಲ್ಬಂ ಇದ್ದರೆ ಪ್ರತಿ ತಿಂಗಳ ಸಂಕಷ್ಟಿಗೆ ಹಿಂದಿನ ಸಂಜೆ ಒಂದು ಚಿತ್ರ ಬಿಡಿ. ಅದೇ ಕವರಿನ ಬಣ್ಣ, ಅದೇ ಅಕ್ಷರ, ದಪ್ಪಗೆ ಆ ದಿನದ ಚಂದ್ರೋದಯದ ಸಮಯ, ಕೆಳಗೆ ಹಾಡಿನ ಹೆಸರು. ಉಪವಾಸ ಇರುವವರಿಗೆ ಆ ಸಮಯ ಬೇಕು, ಗುಂಪಿನಿಂದ ಗುಂಪಿಗೆ ಹೋಗುತ್ತದೆ. “ನಮ್ಮ ಹಾಡು ಕೇಳಿ” ಎಂಬ ಚಿತ್ರ ಒಮ್ಮೆ ಹೋಗುತ್ತದೆ, ಇದು ತಿಂಗಳು ತಿಂಗಳು ಹೋಗುತ್ತದೆ. ಊರು ಬದಲಾದರೆ ಚಂದ್ರೋದಯವೂ ಬದಲಾಗುತ್ತದೆ, ಹಾಗಾಗಿ ಕಾಸರಗೋಡಿನದ್ದು, ದುಬೈಯದ್ದು ಎಂದು ಬೇರೆ ಬೇರೆ ಮಾಡಿ, ಪಂಚಾಂಗ ನೋಡಿ ಸರಿಯಾಗಿ ಹಾಕಿ.

ಹೊರನಾಡಿನವರ ಪೋಸ್ಟರಿನಲ್ಲಿ ಊರಿನ ಒಂದು ನಿಖರ ಗುರುತು ಇರಲಿ. ಹೋಳಿಗೆ, ತೇರು, ತೋಟ ಎಲ್ಲ ಸೇರಿಸಿ ಊರಿನ ನೆನಪು ಎಂದು ಬರೆಯುವುದಕ್ಕಿಂತ ಉಪ್ಪಳ ಪೇಟೆಯ ಮಳೆ ಎಂದು ಕಾಣುವ ಒಂದು ಫೋಟೊ ಹೆಚ್ಚು ಎಳೆಯುತ್ತದೆ. ಯುಎಇಯಲ್ಲಿ 2022ರಿಂದ ವಾರದ ರಜೆ ಶನಿವಾರ ಮತ್ತು ಭಾನುವಾರಕ್ಕೆ ಬಂದಿದೆ, ಸೌದಿ ಮತ್ತು ಕುವೈತ್‌ನಲ್ಲಿ ಶುಕ್ರವಾರ ಮತ್ತು ಶನಿವಾರ. ಬಿಡುಗಡೆಯ ಹೊತ್ತನ್ನು ಅದಕ್ಕೆ ಹೊಂದಿಸಿ.

ಫೋನಿನಲ್ಲಿ ಬಣ್ಣ ಫಳಫಳ ಇತ್ತು, ಬ್ಯಾನರ್ ಆಗಿ ಬಂದಾಗ ಸತ್ತುಹೋಗಿದೆ. ಯಾಕೆ?

ಫೋನು ಬೆಳಕಿನಿಂದ ಬಣ್ಣ ತೋರಿಸುತ್ತದೆ, ಅಚ್ಚು ಶಾಯಿಯಿಂದ. ಮೊದಲಿನ ಬಣ್ಣಕ್ರಮಕ್ಕೆ ಆರ್‌ಜಿಬಿ, ಎರಡನೆಯದಕ್ಕೆ ಸಿಎಂವೈಕೆ ಎನ್ನುತ್ತಾರೆ. ಆರ್‌ಜಿಬಿಯ ಹೊಳೆಯುವ ನೀಲಿ, ಗಿಳಿಹಸಿರು, ನೇರಳೆ ಸಿಎಂವೈಕೆಯಲ್ಲಿ ಹುಟ್ಟುವುದೇ ಇಲ್ಲ. ಇದರ ಮೇಲೆ ಕೇರಳದಲ್ಲಿ 2019ರಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧವಾದ ಮೇಲೆ ನಮ್ಮಲ್ಲಿ ಹತ್ತಿಬಟ್ಟೆಯ ಬ್ಯಾನರ್ ಹೆಚ್ಚಾಯಿತು. ಬಟ್ಟೆ ಶಾಯಿಯನ್ನು ಹೀರುತ್ತದೆ. ಸಣ್ಣ ಅಕ್ಷರ ಹರಡುತ್ತದೆ, ಗಾಢ ನೆರಳು ಒಂದೇ ಕಪ್ಪಾಗುತ್ತದೆ. ನಿಷೇಧ ಒಳ್ಳೆಯದೇ, ನಾವು ಡಿಸೈನನ್ನು ಬಟ್ಟೆಗೆ ತಕ್ಕಂತೆ ಮಾಡಬೇಕು. ಬಟ್ಟೆಗೆಂದೇ ಬೇರೆ ಫೈಲ್ ಮಾಡಿ: ತಿಳಿ ಹಿನ್ನೆಲೆ, ದಪ್ಪ ಅಕ್ಷರ, ಕಡಿಮೆ ಬಣ್ಣ. ಒಂದು ಮೂಲೆಯನ್ನು ತುಂಡು ಬಟ್ಟೆಯಲ್ಲಿ ಅಚ್ಚು ಹಾಕಿಸಿ ನೋಡಿ, ಪ್ರೆಸ್ಸಿನವರು ಬೇಡ ಎನ್ನುವುದಿಲ್ಲ.

ಕ್ಯೂಆರ್ ಕೋಡ್ ಹಾಕುವುದಾದರೆ ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೆಯ ಒಂದು ಪಾಲಿನಷ್ಟಾದರೂ ಅಗಲ ಇರಲಿ. ಎರಡು ಮೀಟರ್ ದೂರಕ್ಕೆ 20 ಸೆಂಟಿಮೀಟರ್. ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಅಂಚು, ಬಟ್ಟೆ ಸುಕ್ಕಾಗುವ ಕೆಳತುದಿಯಲ್ಲಿ ಬೇಡ.

ಎಐನಲ್ಲಿ ಒಂದು ನಿಮಿಷಕ್ಕೆ ಚಿತ್ರ ಬರುತ್ತದಲ್ಲ, ಮತ್ತೆ ಯಾಕೆ ಫೋಟೊ ತೆಗೆಯುವುದು?

ಕರಡಿಗೆ ಬಳಸಿ, ಜೋಡಣೆ ಯೋಚಿಸಲು ಸಹಾಯ ಆಗುತ್ತದೆ. ಅಚ್ಚಿಗೆ ಕೊಡುವ ಮೊದಲು ನಿಧಾನ ಮಾಡಿ. ಚೆಂಡೆ ಕೇಳಿದರೆ ಉತ್ತರದ ಢೋಲು ಬರುತ್ತದೆ, ವೀಣೆಯ ತಂತಿ ಬೆರಳಿನ ಸಂದಿಯಲ್ಲಿ ಮಾಯವಾಗುತ್ತದೆ, ಗಣಪತಿಯ ಕೈಯ ಪಾಶ ಅಂಕುಶ ಯಾವುದೋ ಆಯುಧ ಆಗುತ್ತದೆ, ಕನ್ನಡ ಅಕ್ಷರ ಕನ್ನಡದಂತೆ ಕಾಣುವ ಗೀಚಾಗುತ್ತದೆ. ವಾದ್ಯ ಬಲ್ಲ ಕೇಳುಗನಿಗೆ ಇದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಚಿತ್ರದಲ್ಲಿ ಇಷ್ಟು ಅಸಡ್ಡೆ ಇದ್ದರೆ ಹಾಡಿನಲ್ಲೂ ಹಾಗೆಯೇ ಎಂದು ಅವರು ಎಣಿಸಿದರೆ ತಪ್ಪು ಹೇಳುವ ಹಾಗಿಲ್ಲ. ಪಕ್ಕದ ಮನೆಯಲ್ಲೇ ಚೆಂಡೆ ಇರುವ ಊರಿನಲ್ಲಿ ನಾವಿದ್ದೇವೆ, ಫೋಟೊ ತೆಗೆಯಿರಿ.

ಥಂಬ್‌ನೇಲ್ ಕೆಲಸ ಮಾಡುತ್ತಾ ಉಂಟಾ ಅಂತ ಹೇಗೆ ಗೊತ್ತಾಗುವುದು?

ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಿ. ಚಿತ್ರ ಎಷ್ಟು ಜನರ ಕಣ್ಣಿಗೆ ಬಿತ್ತು, ಅವರಲ್ಲಿ ಶೇಕಡಾ ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಅರ್ಧದಷ್ಟು ಚಾನೆಲ್‌ಗಳಲ್ಲಿ ಇದು ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ, ಆದ್ದರಿಂದ ಶೇ. 4 ಬಂದರೆ ಕಂಗಾಲಾಗಬೇಡಿ. ಬಿಡುಗಡೆಯ ದಿನ ನೆಂಟರು, ಸ್ನೇಹಿತರೇ ಒತ್ತುವುದರಿಂದ ಹೆಚ್ಚು ಕಾಣುತ್ತದೆ. ಒಂದೆರಡು ವಾರ ಬಿಟ್ಟು ನೋಡಿದ್ದೇ ನಿಜವಾದ ಅಂಕಿ.

ಒಂದೇ ವಿಡಿಯೋಗೆ ಮೂರರವರೆಗೆ ಥಂಬ್‌ನೇಲ್ ಹಾಕಿ ಹೋಲಿಸುವ ಸೌಲಭ್ಯವೂ ಅಲ್ಲಿದೆ. ಅದು ಗೆಲ್ಲಿಸುವುದು ಹೆಚ್ಚು ಹೊತ್ತು ನೋಡಿಸಿದ ಚಿತ್ರವನ್ನು. ಇದು ನ್ಯಾಯವಾದ ಅಳತೆ. ಹಾಡಿನಲ್ಲಿ ಇಲ್ಲದ್ದನ್ನು ತೋರಿಸಿ ಒತ್ತಿಸಿಕೊಂಡರೆ ಜನ ಪಲ್ಲವಿ ಮುಗಿಯುವ ಮೊದಲೇ ಹೊರಡುತ್ತಾರೆ. ಮೂರು ಚಿತ್ರಗಳಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಿ, ಮುಖ ಇದ್ದದ್ದು ಮತ್ತು ಇಲ್ಲದ್ದು ಎಂಬ ಹಾಗೆ. ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಗೆದ್ದಿತು ಎಂದು ತಿಳಿಯುವುದಿಲ್ಲ.

ಗೂಗಲ್‌ನಿಂದ ತೆಗೆದ ಫೋಟೊ ಹಾಕಬಹುದಾ? ನೀವು ಮಾಡಿಕೊಟ್ಟ ಡಿಸೈನ್ ನಮ್ಮದಾ, ನಿಮ್ಮದಾ?

ಹುಡುಕಿದಾಗ ಸಿಕ್ಕಿತು ಎಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊದ ಹಕ್ಕು ಅದನ್ನು ತೆಗೆದವರು ತೀರಿದ ಮೇಲೂ 60 ವರ್ಷ ಇರುತ್ತದೆ. ರವಿವರ್ಮರು ತೀರಿದ್ದು 1906ರಲ್ಲಿ, ಅವರ ಮೂಲ ಚಿತ್ರಗಳನ್ನು ಬಳಸಬಹುದು. ಅದನ್ನು ನೋಡಿ ಈಚೆಗೆ ಯಾರೋ ಹೊಸದಾಗಿ ಬರೆದ ಚಿತ್ರವನ್ನು ಕೇಳದೆ ಬಳಸುವಂತಿಲ್ಲ. ನೀವು ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ನೀವೇ. ಡಿಸೈನಿನ ವಿಷಯವನ್ನು ಕೆಲಸಕ್ಕೆ ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ: ಯಾವ ಯಾವ ಕಡೆ ಬಳಸಬಹುದು, ಟೀಶರ್ಟಿಗೆ ಹಾಕಬಹುದೇ, ಡಿಸೈನರ್ ಹೆಸರು ಎಲ್ಲಿ ಬರಬೇಕು.

ಬರೀ ಜೆಪಿಜಿ ತೆಗೆದುಕೊಂಡು ಹೋಗಬೇಡಿ. ಲೇಯರ್ ಇರುವ ಮೂಲ ಫೈಲ್, ಅಚ್ಚಿನ ಪಿಡಿಎಫ್, ಬಳಸಿದ ಫಾಂಟುಗಳ ಹೆಸರು, ಕೈಬರಹದ ಶೀರ್ಷಿಕೆಯ ಸ್ಕ್ಯಾನ್ ಇಷ್ಟನ್ನೂ ಕೇಳಿ ಪಡೆಯಿರಿ. ಎರಡನೆಯ ಆಲ್ಬಂ ಬರುವ ಹೊತ್ತಿಗೆ ನಾನು ಊರಲ್ಲಿ ಇಲ್ಲದಿದ್ದರೂ ಬೇರೆ ಯಾರಾದರೂ ಅದೇ ಅಕ್ಷರ, ಅದೇ ಬಣ್ಣದಲ್ಲಿ ಮುಂದುವರಿಸಬಹುದು.